ಟ್ರೋಫಿ ಫೋಟೊ ಜೊತೆ ಆಟವನ್ನೂ ಹಾಕಿ

ಸಂಪಾದಕರೇ,

2024ರ ಡಿಸೆಂಬರ್‌ನಲ್ಲಿ ಗುಕೇಶ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ತುಮಕೂರಿನಲ್ಲೂ ಮಕ್ಕಳನ್ನು ಚೆಸ್ ಕ್ಲಾಸಿಗೆ ಸೇರಿಸುವವರು ಜಾಸ್ತಿ ಆಗಿದ್ದಾರೆ. ಭಾನುವಾರದ ಟೂರ್ನಿಗೆ ಗುಬ್ಬಿ, ತಿಪಟೂರು, ಶಿರಾದಿಂದಲೂ ಬರುತ್ತಾರೆ. ಆದರೆ ಮರುದಿನ ಪೇಪರ್‌ನಲ್ಲಿ ಬರುವುದು ಟ್ರೋಫಿ ಹಿಡಿದ ಫೋಟೊ ಮತ್ತು ಅತಿಥಿಗಳ ಹೆಸರು ಅಷ್ಟೆ. ಆಟ ಹೇಗಿತ್ತು ಅಂತ ಒಂದು ಸಾಲೂ ಇರುವುದಿಲ್ಲ.

ಮೊನ್ನೆ ಒಂದು ರ‍್ಯಾಪಿಡ್ ಟೂರ್ನಿಯಲ್ಲಿ, ಅಂದರೆ ಕಡಿಮೆ ಸಮಯದಲ್ಲಿ ಮುಗಿಸುವ ಆಟಗಳ ಟೂರ್ನಿಯಲ್ಲಿ, ನಿಂತು ನೋಡಿದ ಆಟ ಹೇಳುತ್ತೇನೆ. ಬಿಳಿ ಕಾಯಿ ಏಳನೇ ಕ್ಲಾಸಿನ ಹುಡುಗನದು, ಕಪ್ಪು ರಿಟೈರ್ ಆದ ಮೇಷ್ಟ್ರದು. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರು, ಒಂದೊಂದು ಕುದುರೆ ಬಿಟ್ಟರು, ಹುಡುಗ ಒಂಟೆಯನ್ನು ಸಿ4 ಮನೆಗೆ ತಂದ (ಅಕ್ಷರ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು), ಮೇಷ್ಟ್ರು ಎರಡನೇ ಕುದುರೆ ಬಿಟ್ಟ ತಕ್ಷಣ ಇವನ ಕುದುರೆ ಜಿ5ಕ್ಕೆ ಹಾರಿತು. ಕಣ್ಣೆಲ್ಲ ಎಫ್7 ಮೇಲೆ, ಕಪ್ಪು ರಾಜನೊಬ್ಬನೇ ಕಾಯುವ ಮನೆ ಅದು. ಮೇಷ್ಟ್ರು ಕಾಲಾಳನ್ನು ಡಿ5ಕ್ಕೆ ತಳ್ಳಿದರು, ಹುಡುಗ ತನ್ನ ಕಾಲಾಳಿನಿಂದ ಅದನ್ನು ಹೊಡೆದ. ಈಗ ಕಪ್ಪಿನವರು ಕುದುರೆಯಿಂದ ವಾಪಸ್ ಹೊಡೆದರೆ ಬಿಳಿಯವನು ಎಫ್7ರಲ್ಲಿ ಕುದುರೆ ಬಲಿ ಕೊಟ್ಟು ರಾಜನನ್ನು ಬಯಲಿಗೆ ಎಳೆಯುತ್ತಾನೆ. ಫ್ರೈಡ್ ಲಿವರ್ ಅಂತ ಇದಕ್ಕೆ ಹೆಸರು, ಇಟಲಿಯವರು ನಾನೂರು ವರ್ಷದ ಹಿಂದೆಯೇ ಆಡಿದ ದಾಳಿ.

ಮೇಷ್ಟ್ರು ಹೊಡೆಯಲಿಲ್ಲ. ಇನ್ನೊಂದು ಕುದುರೆಯನ್ನು ಎ5ಕ್ಕೆ, ಬೋರ್ಡಿನ ಅಂಚಿಗೆ ಇಟ್ಟು ಹುಡುಗನ ಒಂಟೆಯ ಮೇಲೇ ದಾಳಿ ಮಾಡಿದರು. ಎಂಥ ಚಂದದ ನಡೆ! ಹುಡುಗ ಚೆಕ್ ಕೊಟ್ಟ, ಒಂದು ಕಾಲಾಳು ಗೆದ್ದ, ಸರಿ. ಆದರೆ ಆಮೇಲೆ ಒಂಟೆ ಹಿಂದೆ ಹೋಗಬೇಕಾಯಿತು, ಕಪ್ಪು ಕಾಲಾಳು ಎಚ್6ಕ್ಕೆ ಬಂದ ಮೇಲೆ ಕುದುರೆಯೂ ಹಿಂದೆ, ಮೇಷ್ಟ್ರು ಇನ್ನೊಂದು ಕಾಲಾಳನ್ನು ಇ4ಕ್ಕೆ ತಳ್ಳಿದಾಗ ಮತ್ತೆ ಅದೇ ಕುದುರೆ ಜಾಗ ಖಾಲಿ ಮಾಡಬೇಕು. ಅಷ್ಟರಲ್ಲಿ ಕಪ್ಪು ಕಾಯಿಗಳೆಲ್ಲ ಹೊರಗೆ. ಹುಡುಗ ಸೋತ.

ನನ್ನ ಬೇಜಾರು ಸೋತದ್ದಕ್ಕಲ್ಲ. ಎಲ್ಲಿ ಎಡವಿದೆ ಅಂತ ಅವನಿಗೆ ಹೇಳಲಾಗಲಿಲ್ಲ, ಯಾಕೆಂದರೆ ಅವನು ಪೂರ್ತಿ ಆಟದ ನಡೆಗಳನ್ನು ಬರೆದುಕೊಂಡೇ ಇರಲಿಲ್ಲ. ಕ್ಲಾಸಿಕಲ್, ಅಂದರೆ ಜಾಸ್ತಿ ಸಮಯ ಕೊಡುವ ಆಟದಲ್ಲಿ ನಡೆ ಬರೆಯುವುದು ಕಡ್ಡಾಯ, ರ‍್ಯಾಪಿಡ್‌ನಲ್ಲಿ ನಿಯಮದ ಪ್ರಕಾರ ಬೇಕಿಲ್ಲ. ನಮ್ಮಲ್ಲಿ ನಾನು ನೋಡುವ ಟೂರ್ನಿಗಳೆಲ್ಲ ರ‍್ಯಾಪಿಡ್‌ಗಳೇ. ಹೀಗಾಗಿ ಮಕ್ಕಳು ಬಲೆ ಹಾಕುವುದನ್ನು ಮಾತ್ರ ಬಾಯಿಪಾಠ ಮಾಡಿ ಬರುತ್ತಾರೆ, ಎದುರಾಳಿ ಬಲೆಗೆ ಬೀಳದಿದ್ದರೆ ಮುಂದೇನು ಅಂತ ಯಾರೂ ಕೂರಿಸಿ ಹೇಳುವುದಿಲ್ಲ. ಆಟ ಮುಗಿದ ಕೂಡಲೇ ಮುಂದಿನ ರೌಂಡ್ ಕೂಗುತ್ತಾರೆ ಅಲ್ವಾ?

ಆಯೋಜಕರು ಕೊನೆಯ ಎರಡು ರೌಂಡ್‌ಗಳನ್ನಾದರೂ ಜಾಸ್ತಿ ಸಮಯ ಕೊಟ್ಟು, ಸ್ಕೋರ್‌ಶೀಟ್ (ನಡೆ ಬರೆಯುವ ಹಾಳೆ) ಕೊಟ್ಟು ಆಡಿಸಲಿ. ನೀವು ವಾರಕ್ಕೊಮ್ಮೆ ಕ್ರೀಡಾ ಪುಟದಲ್ಲಿ ನಮ್ಮ ಜಿಲ್ಲೆಯವರು ಆಡಿದ ಒಂದು ಆಟ ಹಾಕಿ. ಒಂದು ಬೋರ್ಡ್ ಚಿತ್ರ, ಕೆಳಗೆ ಕನ್ನಡದಲ್ಲಿ ನಡೆಗಳು, ಅಂಗೈ ಅಗಲ ಜಾಗ ಸಾಕು. ಚಾಂಪಿಯನ್ ಆಟವೇ ಆಗಬೇಕೆಂದಿಲ್ಲ. ಆಟ ಆರಿಸಿ ವಿವರಿಸಲು ಊರಲ್ಲೇ ಹಿರಿಯ ಆಟಗಾರರಿದ್ದಾರೆ, ಕೇಳಿದರೆ ಖುಷಿಯಿಂದ ಬರೆದು ಕೊಡುತ್ತಾರೆ.

– ಒಬ್ಬ ಚೆಸ್ ಆಸಕ್ತ, ತುಮಕೂರು