ಮೊದಲ ದಿನವೇ ಎಲ್ಲ ಹೇಳಬೇಕಾಗಿಲ್ಲ

ಲೀಡ್ಸ್, ಭಾನುವಾರ ರಾತ್ರಿ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಬುಧವಾರ ಮಂಗಳೂರಿಗೆ ಮನಃಶಾಸ್ತ್ರಜ್ಞರ ಹತ್ತಿರ ಹೋಗುತ್ತೀಯಂತೆ, ಅಮ್ಮ ಹೇಳಿದಳು. "ಅಪ್ಪನ ವಿಷಯ ಮೊದಲಿಂದ ಹೇಳಬೇಕಾಗ್ತದೆ, ನನ್ನಿಂದಾಗದು" ಎಂದೆಯಂತೆ. ಫೋನಿನಲ್ಲಾದರೆ ನೀನು "ಹೂಂ, ಹೂಂ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಮೊದಲ ದಿನವೇ ಎಲ್ಲ ಹೇಳಬೇಕಾಗಿಲ್ಲ. ಇಲ್ಲಿ ಹಿಮದಲ್ಲಿ ಕಾರು ಮಗುಚಿದ ಮೇಲೆ ನಾನೂ ಹೋದೆನಲ್ಲ? ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಮನೆಯಲ್ಲಿ ಯಾರಿದ್ದಾರೆ, ಸಾಯಬೇಕು ಅನಿಸಿದ್ದುಂಟಾ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಗಾಬರಿಯಾಗಬೇಡ, ಇದ್ದದ್ದನ್ನು ಹೇಳು. ಆಮೇಲೆ 20 ಪ್ರಶ್ನೆಗಳ ಒಂದು ಹಾಳೆ. ಕಳೆದ ಒಂದು ತಿಂಗಳಲ್ಲಿ ಕೆಟ್ಟ ಕನಸು, ಬೆಚ್ಚಿಬೀಳುವುದು ಎಷ್ಟು ಕಾಡಿತು ಎಂದು ಗುರುತು ಹಾಕುವುದು.

ಮುಂದಿನ ಕೆಲವು ವಾರ ಬರೀ ತಯಾರಿ. ಕಾಲು ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತು ಹೇಳಿ ಎನ್ನುತ್ತಿದ್ದರು. ಇದೆಂಥ ಮಕ್ಕಳಾಟ ಎಂದುಕೊಂಡಿದ್ದೆ. ಒಂದು ದಿನ ಅಂಗಡಿಯಲ್ಲಿ ಯಾರದೋ ಕೈಯಿಂದ ಬಾಟಲಿ ಬಿದ್ದು ಒಡೆಯಿತು. ಕಾರಿನ ಗಾಜಿನದೇ ಸದ್ದು. ಕೈಕಾಲು ತಣ್ಣಗಾಗಿ ನಿಂತುಬಿಟ್ಟೆ. ಅಕ್ಕಿ ಚೀಲ, ಸಾಬೂನು, ಹಳದಿ ಬುಟ್ಟಿ, ತಕ್ಕಡಿ, ನನ್ನ ಬೂಟು. ಐದನ್ನೂ ಬಾಯಿಬಿಟ್ಟು ಹೇಳಿದ ಮೇಲೆ ಉಸಿರು ಬಂತು.

ಅಪ್ಪನ ಕೈಯ ಉದ್ದದ ದೋಟಿ ಕರೆಂಟಿನ ತಂತಿಗೆ ತಾಗಿದ್ದನ್ನು ನೀನೊಬ್ಬನೇ ಕಂಡದ್ದು. ನಾನು ಅಲ್ಲಿರಲಿಲ್ಲ, ಆ ಸಂಕಟ ನನಗೆ ಈಗಲೂ ಉಂಟು. ಕರೆಂಟು ಹೋಗಿ ಬಂದರೆ ಈಗಲೂ ತೋಟಕ್ಕೆ ಓಡುತ್ತೀಯಂತೆ. ನಾಚಿಕೊಳ್ಳಬೇಡ ಮಾರಾಯ. ಅಂದು ಆದದ್ದು ಮುಗಿದಿದೆ ಎಂದು ನಿನ್ನ ಮೈಗೆ ಇನ್ನೂ ಗೊತ್ತಾಗಿಲ್ಲ.

ನನಗೆ ಮಾಡಿದ್ದು ಇಎಂಡಿಆರ್, ಕಣ್ಣಾಡಿಸುತ್ತಾ ಆಘಾತದ ನೆನಪನ್ನು ಹಗುರ ಮಾಡುವ ಚಿಕಿತ್ಸೆ. ಅಮೆರಿಕದ ಫ್ರಾನ್ಸಿನ್ ಶಪಿರೊ 1980ರ ದಶಕದ ಕೊನೆಗೆ ರೂಪಿಸಿದ ವಿಧಾನ. ಆ ಗಳಿಗೆಯನ್ನು ನೆನೆಯುತ್ತಾ, ಅತ್ತಿತ್ತ ಆಡುವ, ಚಿಕಿತ್ಸೆ ಮಾಡುವವರ ಬೆರಳನ್ನೇ ನೋಡುತ್ತಿರಬೇಕು. ಸಾಕು ಅನಿಸಿ ಕೈ ಎತ್ತಿದರೆ ನಿಲ್ಲಿಸುತ್ತಾರೆ. ನಿನಗೆ ಆಘಾತಕ್ಕೆಂದೇ ಇರುವ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಹೇಳಬಹುದು, ಸಾಮಾನ್ಯವಾಗಿ 8ರಿಂದ 12 ಸಲ. ಯಾವುದು, ಯಾಕೆ ಎಂದು ನೀನೇ ಬಾಯಿಬಿಟ್ಟು ಕೇಳು.

ಒಮ್ಮೆ ಇಂಗ್ಲಿಷಿನಲ್ಲಿ ಹೇಳುತ್ತಾ ನನ್ನ ಮಾತೇ ಕಟ್ಟಿತು. "ನಿಮ್ಮ ಭಾಷೆಯಲ್ಲೇ ಹೇಳಿ, ನನಗೆ ಅರ್ಥವಾಗದಿದ್ದರೂ ಅಡ್ಡಿಯಿಲ್ಲ" ಎಂದರು. "ಅಯ್ಯೋ ಅಮ್ಮಾ" ಎಂದು ಬಂತು. ಕಾರಿನೊಳಗೆ ಕೂಗಿದ್ದೂ ಅದೇ. ಆವತ್ತೇ ನಾನು ಮನಸಾರೆ ಅತ್ತದ್ದು. ಬದಿಯಡ್ಕ ಪೇಟೆಯಲ್ಲಿ ನೀನು ಮಲಯಾಳ, ತುಳು ಎಲ್ಲ ಮಾತಾಡುತ್ತೀಯ. ಅಪ್ಪನನ್ನು ಕೂಗಿದ್ದು ಮನೆಮಾತಿನಲ್ಲಿ ಅಲ್ವಾ? ಅದು ಅರ್ಥವಾಗುವವರು ಸಿಗುತ್ತಾರಾ ಎಂದು ಮೊದಲೇ ವಿಚಾರಿಸು.

ಹೋಗಿಬಂದ ರಾತ್ರಿ ಕನಸು ಜಾಸ್ತಿಯಾಗಬಹುದು. ನನಗೂ ಆಗಿತ್ತು. ಅದನ್ನು ಅವರಿಗೇ ಹೇಳು, ಹೋಗುವುದನ್ನೇ ಸುಮ್ನೆ ಬಿಟ್ಟುಬಿಡಬೇಡ. ಆ ದಿನ ಬೈಕ್ ಬೇಡ, ಬಸ್ಸಿನಲ್ಲೇ ಹೋಗಿ ಬಾ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು. ದಿನದ 24 ಗಂಟೆಯೂ ಉಂಟು, ದುಡ್ಡು ಕೊಡಬೇಕಾಗಿಲ್ಲ.

ಅಮ್ಮಾ, ನೀನು ಕಟ್ಟಿಸಿದ ನೂಲು ಅವನ ಕೈಯಲ್ಲೇ ಇರಲಿ. ಬಂದ ಕೂಡಲೇ "ಏನು ಕೇಳಿದರು" ಎನ್ನಬೇಡ. ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸು. ಅವನಾಗಿ ಹೇಳಿದರೆ ಕೇಳು.

ತಮ್ಮಾ, ಬುಧವಾರ ನನಗೆ ರಜೆ. ಬಸ್ಸು ಹತ್ತಿದ ಮೇಲೆ ಒಂದು ಮೆಸೇಜ್ ಹಾಕು, ಅಷ್ಟು ಸಾಕು.

ನಿನ್ನ ಅಕ್ಕ