ಆರೋಗ್ಯ ಸಚಿವರಿಗೊಂದು ಪತ್ರ: ಅಮ್ಮ ಸುತ್ತು ಹಾಕಿದ ಅಂಕಿ

ಮಾನ್ಯ ಆರೋಗ್ಯ ಸಚಿವರೇ,

ನನ್ನ ತಾಯಿಯ ಮೂರು ವರ್ಷದ ರಕ್ತಪರೀಕ್ಷೆಯ ವರದಿಗಳು ಈಗಲೂ ನನ್ನ ಬಳಿ ಇವೆ. ಕೊಲೆಸ್ಟ್ರಾಲ್ 228, ಮರುವರ್ಷ 206, ಕೊನೆಯದರಲ್ಲಿ 161. ಮಾತ್ರೆಯಿಲ್ಲದೆ ಇಷ್ಟು ಇಳಿಯಿತಲ್ಲ ಎಂದು ಸಂತೋಷಪಟ್ಟ ಅಮ್ಮ, ಆ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿದ್ದರು. ಆ ಹೊತ್ತಿಗಾಗಲೇ ನಾಲ್ಕು ತುತ್ತಿಗೇ ಅವರ ಹೊಟ್ಟೆ ತುಂಬುತ್ತಿತ್ತು, ದಿನವಿಡೀ ಉಬ್ಬರಿಸುತ್ತಿತ್ತು. ಗ್ಯಾಸ್ ಎಂದು ಔಷಧಿ ಕೊಟ್ಟು ಕಳುಹಿಸಿದರು. ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ಮೂರನೆಯ ಹಂತದಲ್ಲಿತ್ತು.

ಕೊಲೆಸ್ಟ್ರಾಲ್ ಮಟ್ಟವೇ ಈ ಕ್ಯಾನ್ಸರಿನ ಸುಳಿವಾಗಬಹುದು ಎಂಬ ಮಾತು ಕಿವಿಗೆ ಬಿದ್ದ ದಿನ, ಆ ವರದಿಯನ್ನು ತೆಗೆದು ಬಹಳ ಹೊತ್ತು ನೋಡುತ್ತ ಕುಳಿತೆ. ಒಬ್ಬರ ವರದಿಯಿಂದ ಏನನ್ನೂ ಹೇಳಲಾಗದು. ಊಟ ಕಡಿಮೆಯಾದರೂ ಕೊಲೆಸ್ಟ್ರಾಲ್ ಇಳಿಯುತ್ತದೆ. ಬೆಳೆಯುವ ಗೆಡ್ಡೆಗೆ ಹೊಸ ಕೋಶಗಳ ಪೊರೆ ಕಟ್ಟಲು ಕೊಲೆಸ್ಟ್ರಾಲ್ ಬೇಕು, ರಕ್ತದಿಂದ ಅದನ್ನು ಹೀರಿಕೊಳ್ಳಲೂಬಹುದು. ಆದರೆ ಅಧ್ಯಯನಗಳೇ ಒಮ್ಮತಕ್ಕೆ ಬಂದಿಲ್ಲ: ರೋಗಿಗಳಲ್ಲಿ ಮಟ್ಟ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಹೆಚ್ಚು ಎಂದು ಇನ್ನು ಕೆಲವು ಹೇಳುತ್ತವೆ.

ಆದ್ದರಿಂದ ಮೊದಲ ಬೇಡಿಕೆ: ಕೊಲೆಸ್ಟ್ರಾಲ್ ಪರೀಕ್ಷೆಗೆ ‘ಕ್ಯಾನ್ಸರ್ ತಪಾಸಣೆ’ ಎಂಬ ಹೆಸರು ಕಟ್ಟಿ ಮಾರಲು ಯಾವ ಪ್ರಯೋಗಾಲಯಕ್ಕೂ ಅವಕಾಶ ಕೊಡಬೇಡಿ. ಅಂಡಾಶಯದ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಸಿಎ-125 ಎಂಬ ಸೂಚಕ ಕಲಿಸಿದ ಪಾಠ ನಮ್ಮ ಮುಂದಿದೆ. 1981ರಲ್ಲಿ ಪತ್ತೆಯಾದ ಈ ಸೂಚಕ, ಮೊದಲ ಹಂತದ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಏರುವುದೇ ಇಲ್ಲ. ಮುಟ್ಟಿನಲ್ಲಿ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗೆಡ್ಡೆ) ಇದ್ದಾಗ ಸುಮ್ಮನೆ ಏರುತ್ತದೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ ಅಂತಿಮ ಫಲಿತಾಂಶ 2021ರಲ್ಲಿ ಬಂತು: ಸಿಎ-125 ಮತ್ತು ಸ್ಕ್ಯಾನಿಂಗ್ ಬಳಸಿ ತಪಾಸಣೆ ಮಾಡಿದರೂ ಸಾವುಗಳು ಕಡಿಮೆಯಾಗಲಿಲ್ಲ. ಸುಳ್ಳು ಭರವಸೆ ಎಷ್ಟು ಕ್ರೂರವೋ ಸುಳ್ಳು ಭಯವೂ ಅಷ್ಟೇ ಕ್ರೂರ. ಆ ಭಯಕ್ಕೆ ಆರೋಗ್ಯವಂತ ಅಂಡಾಶಯಗಳನ್ನೇ ಕಳೆದುಕೊಂಡ ಮಹಿಳೆಯರಿದ್ದಾರೆ.

ಎರಡನೆಯದು: ಆಸ್ಪತ್ರೆಗಳ ಕಡತಗಳಲ್ಲಿ ವರ್ಷಗಟ್ಟಲೆಯ ಕೊಲೆಸ್ಟ್ರಾಲ್ ವರದಿಗಳು ಬಿದ್ದಿವೆ. ಹೆಸರು ಮರೆಮಾಡಿ, ಕ್ಯಾನ್ಸರ್ ನೋಂದಣಿಯೊಂದಿಗೆ ತಾಳೆ ನೋಡಲು ಸಂಶೋಧಕರಿಗೆ ಹಣ ಮತ್ತು ಅನುಮತಿ ಕೊಡಿ. ರೋಗ ತಿಳಿಯುವ ಮೊದಲೇ ಮಟ್ಟ ಬದಲಾಗಿತ್ತೇ ಎಂಬುದಕ್ಕೆ ಉತ್ತರ ಅಲ್ಲಿ ಸಿಗಬಹುದು.

ಅದಕ್ಕೂ ತುರ್ತಾದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರ ತರಬೇತಿ. ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು ಹೊಸದಾಗಿ ಶುರುವಾಗಿ ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಕಾಡುತ್ತಿದ್ದರೆ, ಗ್ಯಾಸ್ ಎಂದು ವಾಪಸು ಕಳುಹಿಸದೆ ಸ್ಕ್ಯಾನಿಂಗ್‌ಗೆ ಬರೆಯಲಿ. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇತ್ತೇ ಎಂದು ತಪ್ಪದೆ ಕೇಳಲಿ. ಅಮ್ಮನನ್ನು ಯಾರೂ ಕೇಳಲಿಲ್ಲ.

ಹಳೆಯ ಕೊಲೆಸ್ಟ್ರಾಲ್ ವರದಿಗಳ ಅಧ್ಯಯನವೊಂದು ಆರಂಭವಾದರೆ, ಅಮ್ಮನ ಮೂರೂ ವರದಿಗಳನ್ನು ನಾನೇ ತಂದು ಕೊಡುತ್ತೇನೆ.

ಇಂತಿ,
ಒಬ್ಬ ಮಗಳು