ಮಗಳಿಗೊಂದು ಪತ್ರ: ಬಿಟ್ಟಿ ಅಂದ್ರೆ ಯಾರದ್ದು?

ಪ್ರೀತಿಯ ಪುಟ್ಟಿ,

ನಿನ್ನ ಮೊದಲ ಸಂಬಳದ ಚೀಟಿ ನೋಡಿ ಅಪ್ಪ ಮೀಸೆ ತಿರುವುತ್ತಿದ್ದಾರೆ. ಅದರ ಕೆಳಗೆ ನೀನು ಬರೆದ ಸಾಲು ಮಾತ್ರ ನನಗೆ ಹಿಡಿಸಲಿಲ್ಲ. 'ಟ್ಯಾಕ್ಸ್ ಕಟ್ಟೋದು ನಾವು, ಬಿಟ್ಟಿ ಭಾಗ್ಯ ಅವರಿಗೆ' ಅಂತ. ಫೋನಲ್ಲಿ ಮಾತಾಡಿದರೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮನೆ ಪಾತ್ರೆ ತೊಳೆಯುವ ಅಕ್ಕನ ಜೊತೆ ಮೊನ್ನೆ ನ್ಯಾಯಬೆಲೆ ಅಂಗಡಿಗೆ ಹೋಗಿದ್ದೆ. ಅವರು ಹೆಬ್ಬೆಟ್ಟು ಇಟ್ಟರೆ ಮೆಷಿನ್ ತಗೊಳ್ಳಲಿಲ್ಲ. ದಿನವಿಡೀ ಸೋಪಿನ ನೀರಲ್ಲಿರುವ ಬೆರಳು, ಗೆರೆಗಳೇ ಸವೆದುಹೋಗಿವೆ. ಸೆರಗಿಗೆ ಒರೆಸಿದರು, ತಲೆಗೂದಲಿಗೆ ತಿಕ್ಕಿದರು, ತೋರುಬೆರಳು ಇಟ್ಟರು, ಉಂಗುರದ ಬೆರಳು ಇಟ್ಟರು. ಹಿಂದೆ ನಿಂತವರು ಗೊಣಗತೊಡಗಿದರು. ಕೊನೆಗೆ ಎಡಗೈ ಬೆರಳು ಹಿಡಿಯಿತು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು. ಇದು ಬಿಟ್ಟಿನಾ?

ಇನ್ನು ಟ್ಯಾಕ್ಸ್ ವಿಷಯ. ಮೊಬೈಲ್ ರೀಚಾರ್ಜ್ ಮಾಡಿದರೆ ನೀನೂ ಶೇ 18 ಜಿಎಸ್‌ಟಿ ಕೊಡುತ್ತೀಯ, ಅವರೂ ಅಷ್ಟೇ ಕೊಡುತ್ತಾರೆ. ಸೋಪು, ಚಪ್ಪಲಿ ಎಲ್ಲದರಲ್ಲೂ ತೆರಿಗೆ ಇದೆ. ಅವರ ಕೈಲಿ ರಸೀದಿ ಇರಲ್ಲ, ಅಷ್ಟೇ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡುತ್ತಿದ್ದೇವೆ ಅಂತ ಸರ್ಕಾರವೇ ಹೇಳಿತು. ಆಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಯಾರೂ ಮೂಗು ಮುರಿಯಲಿಲ್ಲ!

2001ರ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ. ರಾಜಸ್ಥಾನದಲ್ಲಿ ಬರ, ಜನ ಹಸಿದಿದ್ದರು. ಕೇಂದ್ರ ಸರ್ಕಾರದ ಆಹಾರ ನಿಗಮ ಎಫ್‌ಸಿಐನ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿತ್ತು. ನಾಗರಿಕ ಹಕ್ಕುಗಳಿಗೆ ಹೋರಾಡುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಬೇಯಿಸಿದ ಊಟ ಕೊಡಬೇಕು ಅಂತ ಆ ವರ್ಷದ ನವೆಂಬರ್ 28ಕ್ಕೆ ಆದೇಶ ಬಂತು. ನೀನು ಶಾಲೆಯಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಂತು ಉಂಡೆಯಲ್ಲ ಬಿಸಿಯೂಟ, ಅದರ ಹಿಂದೆ ಈ ಆದೇಶ ಇದೆ. 2013ರಲ್ಲಿ ಆಹಾರ ಭದ್ರತೆಗೆ ಕಾನೂನೇ ಆಯಿತು. ಅಂದರೆ ಪಡಿತರದ ಅಕ್ಕಿ ಯಾರೋ ಪುಣ್ಯಕ್ಕೆ ಹಾಕುವ ಭಿಕ್ಷೆಯಲ್ಲ, ಕೇಳಿ ತಗೊಳ್ಳುವ ಹಕ್ಕು. ನಿನ್ನ ಎಂಜಿನಿಯರಿಂಗೂ ಸರ್ಕಾರಿ ಕಾಲೇಜಲ್ಲೇ, ಸಿಇಟಿ ಸೀಟಲ್ಲೇ ಆಗಿದ್ದು. ನಾವು ಕಟ್ಟಿದ ಫೀಸಿನಲ್ಲಿ ನಿಮ್ಮ ಲ್ಯಾಬಿನ ಒಂದು ಮೆಷಿನ್ನೂ ಬರುತ್ತಿರಲಿಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ ಆಯಿತಲ್ಲ, ಆಮೇಲೆ ಈ ಅಕ್ಕ ದೂರದ ಬಡಾವಣೆಯಲ್ಲಿ ಇನ್ನೊಂದು ಮನೆ ಹಿಡಿದರು. ಅಲ್ಲಿ ಸಂಬಳ ಜಾಸ್ತಿ. ಮೊದಲು ಬಸ್ಸಿಗೇ ಅದೆಲ್ಲ ಹೋಗುತ್ತಿತ್ತು. ಗೃಹಲಕ್ಷ್ಮಿಯ 2000 ರೂಪಾಯಿ ಬಂದರೆ ಮಗನ ಟ್ಯೂಷನ್ನಿಗೆ, ಮೂಲೆ ಅಂಗಡಿಯ ಬಾಕಿಗೆ. ದುಡ್ಡು ಊರಲ್ಲೇ ಓಡಾಡುತ್ತೆ.

ಎಲ್ಲಾ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಕಂತು ತಿಂಗಳುಗಟ್ಟಲೆ ತಡವಾಗುತ್ತೆ. ಖಾತೆಗೆ ದುಡ್ಡು ಹಾಕಿದೆವಲ್ಲ ಅಂತ ಶಾಲೆ ಮೇಷ್ಟ್ರನ್ನೂ ಆಸ್ಪತ್ರೆಯ ಮಾತ್ರೆಯನ್ನೂ ಮರೆತರೆ ನನಗೂ ಸಿಟ್ಟು ಬರುತ್ತೆ. ಆ ಜಗಳ ಆಡೋಣ ಬಾ, ನಾನು ನಿನ್ನ ಪಕ್ಷ.

ದೀಪಾವಳಿಗೆ ಟಿಕೆಟ್ ಈಗಲೇ ಮಾಡಿಸು, ಆಮೇಲೆ ಸಿಗಲ್ಲ.

ನಿನ್ನ ಅಮ್ಮ